ಹತ್ತುವಾಗ ಸುಮ್ಮನಿದ್ದ ಮಂಡಿ ಇಳಿಯುವಾಗ ಯಾಕೆ ನೋಯುತ್ತದೆ?

ದೂರದ ಚಾರಣದ ಬಗ್ಗೆ ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಇಳಿತದ ಬಗ್ಗೆಯೇ ಇವೆ. ನನಗೆ ನಿಜಕ್ಕೂ ಖುಷಿಯಾಯಿತು. ಹತ್ತುವುದಕ್ಕೆ ಎಲ್ಲರೂ ತಯಾರಾಗುತ್ತಾರೆ. ಇಳಿಯುವುದಕ್ಕೂ ತಯಾರಿ ಬೇಕು ಅನ್ನುವುದು ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ.

ಪ್ರಶ್ನೆ: ಮೂರು ತಿಂಗಳ ಚಾರಣಕ್ಕೆ ತಯಾರಾಗುತ್ತಿದ್ದೇನೆ. ಅಭ್ಯಾಸಕ್ಕೆಂದು ನಾಲ್ಕು ದಿನ ಬೆಟ್ಟದ ಹಾದಿಯಲ್ಲಿ ನಡೆದೆ. ಹತ್ತುವಾಗ ಏನೂ ಅನ್ನಿಸಲಿಲ್ಲ. ಇಳಿಯುವಾಗ ಮಂಡಿ ನೋಯಲು ಶುರುವಾಯಿತು. ಮನೆಗೆ ಬಂದ ಮರುದಿನ ತೊಡೆ ಎಷ್ಟು ಹಿಡಿದುಕೊಂಡಿತ್ತೆಂದರೆ ಮೆಟ್ಟಿಲು ಇಳಿಯಲೂ ಆಗಲಿಲ್ಲ. ಎರಡೂ ಹೆಬ್ಬೆರಳಿನ ಉಗುರು ಕಪ್ಪಾಗಿವೆ. ನನಗೆ 46 ವರ್ಷ. ಅಷ್ಟು ದೂರದ ಹಾದಿ ನನ್ನಿಂದ ಆಗುತ್ತದಾ?

ಉತ್ತರ: ಆಗುತ್ತದೆ. ನಿಮ್ಮ ತೊಂದರೆ ವಯಸ್ಸಿನದ್ದಲ್ಲ, ಅಭ್ಯಾಸದ್ದು.

ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ಮೈಯನ್ನು ಮೇಲಕ್ಕೆತ್ತುತ್ತದೆ. ಇಳಿಯುವಾಗ ಅದೇ ಸ್ನಾಯು ಬ್ರೇಕ್ ಆಗುತ್ತದೆ. ಮೈಭಾರವನ್ನು ಹಿಡಿದು ನಿಲ್ಲಿಸುತ್ತಲೇ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಈ ಎಳೆತದಿಂದ ಸ್ನಾಯುವಿನ ಎಳೆಗಳಿಗೆ ಸಣ್ಣಪುಟ್ಟ ಪೆಟ್ಟಾಗುತ್ತದೆ. ನೋವು ಕಾಣಿಸುವುದು ಆಮೇಲೆ, ಒಂದರಿಂದ ಮೂರು ದಿನದೊಳಗೆ. ಇಲ್ಲೇ ಎಲ್ಲರೂ ಮೋಸ ಹೋಗುವುದು. ಇಳಿಜಾರಿನಲ್ಲಿ ಆಮ್ಲಜನಕ ಕಡಿಮೆ ಸಾಕು, ಏದುಸಿರು ಬರುವುದಿಲ್ಲ. ಸುಲಭವಾಗಿದೆ ಅಂದುಕೊಂಡು ದಡದಡ ಇಳಿದುಬಿಡುತ್ತೇವೆ.

ಸಮಾಧಾನದ ವಿಷಯ ಏನೆಂದರೆ, ಸ್ನಾಯು ಇದನ್ನು ಬೇಗ ಕಲಿಯುತ್ತದೆ. ಒಂದು ಸಲ ಹೀಗೆ ನೊಂದು ಸರಿಹೋದ ಸ್ನಾಯುವಿಗೆ ಮುಂದಿನ ಸಲ ಅಷ್ಟೇ ಇಳಿದರೂ ಅಷ್ಟು ನೋಯುವುದಿಲ್ಲ. ಹಾಗಾಗಿ ಇಳಿಯುವುದನ್ನೇ ಅಭ್ಯಾಸ ಮಾಡಿ. ಮೆಟ್ಟಿಲು ಸಾಕು. ವಾರಕ್ಕೆ ಎರಡು ದಿನ ನಿಧಾನವಾಗಿ, ಶಬ್ದವಾಗದ ಹಾಗೆ ಇಳಿಯಿರಿ. ಮೊದಲು ಬ್ಯಾಗ್ ಇಲ್ಲದೆ, ಕೆಲವು ವಾರ ಕಳೆದ ಮೇಲೆ ಸ್ವಲ್ಪ ಸ್ವಲ್ಪವೇ ಭಾರ ಸೇರಿಸುತ್ತಾ.

ಹಾದಿಯಲ್ಲಿ ಹೆಜ್ಜೆ ಚಿಕ್ಕದಿರಲಿ, ಮಂಡಿ ಸ್ವಲ್ಪ ಬಗ್ಗಿರಲಿ. ಕಾಲನ್ನು ನೆಟ್ಟಗೆ ಚಾಚಿ ಹಿಮ್ಮಡಿ ಕುಕ್ಕಿದರೆ ಪೆಟ್ಟೆಲ್ಲ ಕೀಲಿಗೇ ಹೋಗುತ್ತದೆ. ಎರಡು ಟ್ರೆಕ್ಕಿಂಗ್ ಕೋಲು ಹಿಡಿಯಿರಿ. ಇಳಿಯುವಾಗ ಅವುಗಳನ್ನು 5ರಿಂದ 10 ಸೆಂ.ಮೀ. ಉದ್ದ ಮಾಡಿಕೊಳ್ಳಿ. ಭಾರದ ಒಂದು ಪಾಲನ್ನು ತೋಳು ಹೊರುತ್ತದೆ. ಕೋಲು ವಯಸ್ಸಾದವರಿಗೆ ಅನ್ನುವ ಮಾತನ್ನು ದಯವಿಟ್ಟು ತಲೆಯಿಂದ ತೆಗೆದುಹಾಕಿ.

ಉಗುರು ಕಪ್ಪಾಗಿದ್ದು ಪಾದ ಮುಂದಕ್ಕೆ ಜಾರಿ ಶೂಗೆ ಬಡಿದಿದ್ದರಿಂದ. ದಿನವಿಡೀ ನಡೆದರೆ ಪಾದ ಊದುತ್ತದೆ. ಆದ್ದರಿಂದ ಶೂ ಕೊಳ್ಳುವುದಾದರೆ ಸಂಜೆ ಹೊತ್ತು ಹೋಗಿ. ಬೆರಳ ಮುಂದೆ ಕೈ ಹೆಬ್ಬೆರಳಿನ ಅಗಲದಷ್ಟು ಜಾಗ ಇರಬೇಕು. ಇಳಿಯುವ ಮುಂಚೆ ನಿಂತು, ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ, ಪಾದದ ಮೇಲ್ಭಾಗದ ಲೇಸ್ ಬಿಗಿ ಮಾಡಿ. ಉಗುರು ಗಿಡ್ಡಕ್ಕೆ ಕತ್ತರಿಸಿ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಗೊತ್ತಾ? ಅಮೆರಿಕದ ಅಪಲಾಚಿಯನ್ ಟ್ರೇಲ್ ಸುಮಾರು 3,500 ಕಿ.ಮೀ. ಉದ್ದ. ಅದರ ಅತಿ ಎತ್ತರದ ಜಾಗ 2,025 ಮೀಟರ್ ಮಾತ್ರ. ಆದರೆ ಇಡೀ ಹಾದಿಯ ಏರನ್ನೆಲ್ಲ ಕೂಡಿದರೆ ಸಮುದ್ರ ಮಟ್ಟದಿಂದ ಎವರೆಸ್ಟನ್ನು 16 ಸಲ ಹತ್ತಿದಷ್ಟಾಗುತ್ತದೆ. ಹತ್ತಿದ್ದನ್ನೆಲ್ಲ ಹೆಚ್ಚುಕಡಿಮೆ ಇಳಿಯಲೂ ಬೇಕು, ಅಲ್ವಾ? ಮೇಲೆ ಹೋದರೆ ನೋಟವೂ ಇಲ್ಲ, ನೀರೂ ಇಲ್ಲ, ಸುಮ್ನೆ ಹತ್ತಿಸಿ ಇಳಿಸುವ ಇಂಥ ಗುಡ್ಡಗಳನ್ನು ಅಲ್ಲಿನ ಚಾರಣಿಗರು 'ಅರ್ಥವಿಲ್ಲದ ಏರಿಳಿತ' ಅಂತಲೇ ಕರೆಯುತ್ತಾರೆ.

ಒಂದು ಎಚ್ಚರಿಕೆ. ಮಂಡಿ ಊದಿಕೊಂಡರೆ, ಮಧ್ಯದಲ್ಲಿ ಸಿಕ್ಕಿಹಾಕಿಕೊಂಡಂತಾದರೆ, ಅಥವಾ ವಿಶ್ರಾಂತಿ ಪಡೆದರೂ ನೋವು ಇಳಿಯದಿದ್ದರೆ ಅಭ್ಯಾಸ ನಿಲ್ಲಿಸಿ ಮೂಳೆ ವೈದ್ಯರನ್ನು ನೋಡಿ.

ಪ್ರಶ್ನೆ: ನಕ್ಷೆಯಲ್ಲಿ ದಿನದ ದಾರಿ 18 ಕಿ.ಮೀ., ಏರು 900 ಮೀಟರ್ ಅಂತಿದೆ. ಎಷ್ಟು ಹೊತ್ತು ಬೇಕು ಅಂತ ಅಂದಾಜು ಮಾಡುವುದು ಹೇಗೆ?

ಉತ್ತರ: ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಇವತ್ತಿಗೂ ಚಾಲ್ತಿಯಲ್ಲಿದೆ. 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಿಮ್ಮ ದಾರಿಗೆ ಐದು ಗಂಟೆಗಿಂತ ಸ್ವಲ್ಪ ಜಾಸ್ತಿ ಬರುತ್ತದೆ. ಆದರೆ ಇಳಿತಕ್ಕೆ ಅವರು ಹೊತ್ತನ್ನೇ ಇಟ್ಟಿರಲಿಲ್ಲ. ಆಮೇಲೆ ಎರಿಕ್ ಲ್ಯಾಂಗ್ಮುಯಿರ್ ಅನ್ನುವ ಇನ್ನೊಬ್ಬ ಪರ್ವತಾರೋಹಿ ಅದನ್ನು ಸರಿಪಡಿಸಿದರು. ಹದವಾದ ಇಳಿಜಾರಾದರೆ ಎತ್ತರದಲ್ಲಿ 300 ಮೀಟರ್ ಇಳಿದದ್ದಕ್ಕೆ 10 ನಿಮಿಷ ಕಳೆಯಿರಿ, ಕಡಿದಾದರೆ 10 ನಿಮಿಷ ಸೇರಿಸಿ. ಊಟ, ವಿಶ್ರಾಂತಿ, ಬ್ಯಾಗಿನ ಭಾರ ಎಲ್ಲ ಬೇರೆ. ನಾನಾಗಿದ್ದರೆ ಏಳೂವರೆ ಗಂಟೆ ಇಟ್ಟುಕೊಳ್ಳುತ್ತೇನೆ.

ಪ್ರಶ್ನೆ: ಹಿಂದಿನ ವರ್ಷ ಒಂದು ದೊಡ್ಡ ಹಾದಿಯನ್ನು ಮೂರನೇ ವಾರದಲ್ಲಿ ಬಿಟ್ಟು ಬಂದೆ. ಗಾಯ ಏನೂ ಆಗಿರಲಿಲ್ಲ. ಎರಡು ದಿನ ಬಿಡದೆ ಮಳೆ, ಬೆಳಿಗ್ಗೆ ಟೆಂಟಿನಲ್ಲಿ ಎದ್ದಾಗ ಸುಮ್ಮಸುಮ್ಮನೆ ಅಳು ಬಂತು. ಅವತ್ತೇ ಬಸ್ ಹತ್ತಿದೆ. ಈಗಲೂ ಬೇಜಾರಾಗುತ್ತದೆ. ನಾನು ಸೋತೆನಾ?

ಉತ್ತರ: ಸೋತಿಲ್ಲ. ಅಪಲಾಚಿಯನ್ ಟ್ರೇಲ್ ಪೂರ್ತಿ ನಡೆಯಲು ಹೊರಟವರಲ್ಲಿ ಮುಗಿಸುವವರು ಸುಮಾರು ನಾಲ್ವರಲ್ಲಿ ಒಬ್ಬರು. ಅರ್ಧಕ್ಕೆ ನಿಲ್ಲಿಸಿದವರೇ ಜಾಸ್ತಿ.

ಮೂರನೇ ವಾರ ಅನ್ನುವುದೂ ಆಕಸ್ಮಿಕವಲ್ಲ. ಕಾಲು ಹಾದಿಗೆ ಒಗ್ಗುವುದು ಆ ಹೊತ್ತಿಗೆ. ಹೊಸತನದ ಉತ್ಸಾಹ ಇಳಿಯುವುದೂ ಆ ಹೊತ್ತಿಗೇ. ಜೊತೆಗೆ ಹೊಟ್ಟೆ. ಭಾರ ಹೊತ್ತು ದಿನವಿಡೀ ನಡೆಯುವವರಿಗೆ ದಿನಕ್ಕೆ 4,000 ಕ್ಯಾಲೊರಿಗಿಂತ ಜಾಸ್ತಿ ಬೇಕಾಗಬಹುದು. ಅಷ್ಟನ್ನು ಬೆನ್ನ ಮೇಲೆ ಹೊರುವುದೇ ಕಷ್ಟ. ಈ ಕೊರತೆಯ ಸಾಲ ದಿನ ದಿನಕ್ಕೂ ಬೆಳೆಯುತ್ತದೆ, ಅದನ್ನು ಮನಸ್ಸು ತೀರಿಸುತ್ತದೆ. ನಿಮ್ಮ ಅಳುವಿನಲ್ಲಿ ಹಸಿವಿನದ್ದೂ ಒದ್ದೆ ಬಟ್ಟೆಯದ್ದೂ ದೊಡ್ಡ ಪಾಲಿತ್ತು ಅಂತ ನನಗನ್ನಿಸುತ್ತದೆ.

ಅನುಭವಸ್ಥ ಚಾರಣಿಗರು ಒಂದು ಮಾತು ಹೇಳುತ್ತಾರೆ: ಕೆಟ್ಟ ದಿನ ಹಾದಿ ಬಿಡಬೇಡಿ. ಮೊದಲು ಹತ್ತಿರದ ಊರಿಗೆ ಇಳಿಯಿರಿ. ಒಣ ಬಟ್ಟೆ ಹಾಕಿ, ಹೊಟ್ಟೆ ತುಂಬ ಉಂಡು, ಎರಡು ರಾತ್ರಿ ನಿದ್ದೆ ಮಾಡಿ. ಆಮೇಲೂ ಬೇಡ ಅನ್ನಿಸಿದರೆ ಹೊರಟುಬಿಡಿ, ಅದು ನಿಮ್ಮ ತೀರ್ಮಾನ. ಒಂದಕ್ಕೆ ಮಾತ್ರ ಈ ಮಾತು ಸಲ್ಲದು. ಪಾದದಲ್ಲೋ ಮೊಣಕಾಲ ಕೆಳಗಿನ ಮೂಳೆಯಲ್ಲೋ ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ ನೋವು ದಿನದಿಂದ ದಿನಕ್ಕೆ ಏರುತ್ತಿದ್ದರೆ ಮೂಳೆಯಲ್ಲಿ ಬಿರುಕು ಇರಬಹುದು. ಆಗ ಕಾಯಬೇಡಿ, ನಡಿಗೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಎಮ್ಮಾ ಗೇಟ್‌ವುಡ್ ಬಗ್ಗೆ ನೀವು ಕೇಳಿರಬಹುದು. 1954ರಲ್ಲಿ ಅವರು ಅದೇ ಅಪಲಾಚಿಯನ್ ಟ್ರೇಲ್ ಹಿಡಿದು, ದಾರಿ ತಪ್ಪಿ, ಕನ್ನಡಕ ಒಡೆದುಕೊಂಡು ಮನೆಗೆ ವಾಪಸಾದರು. ಮರುವರ್ಷ, 67ನೇ ವಯಸ್ಸಿನಲ್ಲಿ, ಇನ್ನೊಂದು ತುದಿಯಿಂದ ಹೊರಟು ಒಬ್ಬರೇ ಇಡೀ ಹಾದಿ ಮುಗಿಸಿದರು. ಬೆನ್ನಿಗೆ ತಾವೇ ಹೊಲಿದ ಚೀಲ, ಕಾಲಿಗೆ ಕ್ಯಾನ್ವಾಸ್ ಶೂ.

ಪ್ರಶ್ನೆ: ನನ್ನ ಮಗಳು ಐದು ತಿಂಗಳು ನಡೆದು, ಹಾದಿ ಮುಗಿಸಿ ಬಂದು ಆರು ವಾರವಾಯಿತು. ಎಲ್ಲರೂ ಹೊಗಳುತ್ತಿದ್ದಾರೆ. ಅವಳು ಮಾತ್ರ ಮಂಕಾಗಿದ್ದಾಳೆ. ಬೆಳಿಗ್ಗೆ ಎದ್ದಾಗ ಪಾದ ಊರಲು ಕಷ್ಟಪಡುತ್ತಾಳೆ. ಏನು ಮಾಡಲಿ?

ಉತ್ತರ: ಮುಗಿಸಿದವರಲ್ಲಿ ಎಷ್ಟೋ ಜನಕ್ಕೆ ಹೀಗಾಗುತ್ತದೆ, ಅಮ್ಮ. ಅಷ್ಟು ದಿನ ಅವಳಿಗೆ ಎದ್ದ ಕೂಡಲೇ ಏನು ಮಾಡಬೇಕು ಅನ್ನುವುದು ಗೊತ್ತಿತ್ತು: ನಡೆಯಬೇಕು. ಗಂಟೆಗಟ್ಟಲೆ ಕೆಲಸ ಮಾಡುತ್ತಿದ್ದ ಮೈ ಒಂದೇ ದಿನದಲ್ಲಿ ನಿಂತುಹೋಯಿತು. ಜೊತೆ ನಡೆದವರು ಚದುರಿಹೋದರು. ಇದೂ ಒಂದು ಇಳಿತವೇ, ಎಲ್ಲಕ್ಕಿಂತ ಕಡಿದಾದದ್ದು.

ಪಾದದ ನೋವು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ, ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ. ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಿಕೊಳ್ಳಲಿ. ದಿನಾ ಒಂದು ಗಂಟೆ ಸಮತಟ್ಟಾದ ಕಡೆ ನಡೆಯಲಿ. ಪೂರ್ತಿ ನಿಲ್ಲಿಸುವುದು ಬೇಡ. "ಮುಂದೇನು?" ಅನ್ನುವ ಪ್ರಶ್ನೆಯನ್ನು ಮನೆಯವರು ಸದ್ಯಕ್ಕೆ ಬದಿಗಿಡಿ. ಅದರ ಬದಲು ಹಾದಿಯ ಬಗ್ಗೆ ಕೇಳಿ. ಫೋಟೋ ತೋರಿಸು ಅನ್ನುವುದಕ್ಕಿಂತ, ಮಳೆಯಲ್ಲಿ ಅಡುಗೆ ಹೇಗೆ ಮಾಡಿದೆ, ಯಾರ ಜೊತೆ ನಡೆದೆ ಅಂತ ಕೇಳಿ. ಸಣ್ಣ ಪ್ರಶ್ನೆಗೆ ಉದ್ದದ ಉತ್ತರ ಸಿಗುತ್ತದೆ.

ಆದರೆ ನಿದ್ದೆ ಕೆಟ್ಟು, ಊಟ ಬೇಡವಾಗಿ, ಯಾವುದರಲ್ಲೂ ಆಸಕ್ತಿಯಿಲ್ಲದೆ ಎರಡು ವಾರ ಮೀರಿದ್ದರೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಬದುಕು ಬೇಡ ಅನ್ನುವಂಥ ಮಾತು ಬಂದರೆ ಅವತ್ತೇ ಹೋಗಿ. ಇನ್ನೊಂದು, ಜೊತೆ ನಡೆದ ಗೆಳತಿಯರಲ್ಲಿ ಒಬ್ಬಳಿಗಾದರೂ ಇವತ್ತೇ ಫೋನ್ ಮಾಡಲು ಹೇಳಿ. ಆ ಕಡೆಯ ಹುಡುಗಿಯೂ ಹೀಗೇ ಮಂಕಾಗಿ ಕೂತಿರಬಹುದು.