ಆರು ತಿಂಗಳ ತಿರುಗಾಟವೋ, ಎರಡು ವಾರದ ಪ್ರವಾಸವೋ?

ಕೆಲಸ ಬಿಟ್ಟು ಆರು ತಿಂಗಳು ಬ್ಯಾಕ್‌ಪ್ಯಾಕ್ ಹೊತ್ತು ಸುತ್ತಲಾ, ಇಲ್ಲ ವರ್ಷಕ್ಕೆ ಎರಡು ವಾರ ಹೋಗಿಬಂದರೆ ಸಾಕಾ ಅಂತ ಕೇಳಿದ್ದೀರಿ. ನಾನು ಎರಡನ್ನೂ ಮಾಡಿದ್ದೇನೆ. ಚಿಕ್ಕ ಪ್ರವಾಸದಲ್ಲಿ ದಿನದ ಲೆಕ್ಕಕ್ಕೆ ಖರ್ಚು ಜಾಸ್ತಿ, ವಿಮಾನದ ದುಡ್ಡೆಲ್ಲ ಕೆಲವೇ ದಿನಗಳ ಮೇಲೆ ಬೀಳುತ್ತದೆ ಅಲ್ವಾ. ಆದರೆ ಬೇಜಾರಾಗುವ ಮೊದಲೇ ಮನೆ ಸೇರಿರುತ್ತೀರಿ. ಉದ್ದದ ತಿರುಗಾಟದಲ್ಲಿ ಎರಡನೇ ತಿಂಗಳ ಹೊತ್ತಿಗೆ ನನಗೆ ಯಾವ ಕೋಟೆ ನೋಡಿದರೂ ಒಂದೇ ಅನ್ನಿಸಿತ್ತು. ಆಗ ಒಂದೇ ಊರಲ್ಲಿ ಹತ್ತು ದಿನ ಸುಮ್ನೆ ಕೂತೆ. ಬಟ್ಟೆ ಒಗೆದೆ, ನಿದ್ದೆ ಮಾಡಿದೆ. ಈಗ ಹೆಚ್ಚು ನೆನಪಾಗುವುದು ಆ ದಿನಗಳೇ! ವೀಸಾ ಲೆಕ್ಕವನ್ನೂ ನೋಡಿಕೊಳ್ಳಿ. ಶೆಂಗೆನ್ ದೇಶಗಳ (ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಗುಂಪು) ಅಲ್ಪಾವಧಿ ವೀಸಾದಲ್ಲಿ ಯಾವುದೇ 180 ದಿನಗಳೊಳಗೆ ಹೆಚ್ಚೆಂದರೆ 90 ದಿನ ಇರಬಹುದು. ರಾಜೀನಾಮೆ ಕೊಡುವ ಮೊದಲು ಸಂಬಳವಿಲ್ಲದ ಆರು ವಾರ ರಜೆ ಕೇಳಿ ನೋಡಿ.