ಮೂರು ನೋಟ್‌ಬುಕ್ ತುಂಬಿದವು, ಸಿಟ್ಟು ಮಾತ್ರ ಇಳಿದಿಲ್ಲ

ಪ್ರಶ್ನೆ: ನನಗೆ 41 ವರ್ಷ, ಊರು ಗದಗ. ಅವ್ವಗೆ ಲಕ್ವಾ ಹೊಡೆದು 14 ತಿಂಗಳಾಯಿತು. ನೋಡಿಕೊಳ್ಳುವವಳು ನಾನೊಬ್ಬಳೇ. ಬೆಂಗಳೂರಿನಲ್ಲಿರುವ ತಮ್ಮ ದುಡ್ಡು ಕಳಿಸುತ್ತಾನೆ, ಫೋನಿನಲ್ಲಿ ಸಲಹೆ ಕೊಡುತ್ತಾನೆ, ಬರುವುದಿಲ್ಲ. ಗೆಳತಿಯ ಮಾತು ಕೇಳಿ ದಿನಾ ರಾತ್ರಿ ಮನಸ್ಸಿನಲ್ಲಿದ್ದದ್ದನ್ನು ಬರೆಯುತ್ತಿದ್ದೇನೆ. 200 ಪುಟದ ಮೂರು ನೋಟ್‌ಬುಕ್ ತುಂಬಿವೆ. ಬರೆದ ಮೇಲೆ ಸಿಟ್ಟು ಇನ್ನೂ ಏರಿ, ಒಂದು ಗಂಟೆಯಾದರೂ ನಿದ್ದೆ ಹತ್ತುವುದಿಲ್ಲ. ಬರೆಯುವುದು ಬಿಡಲೇ? ಇಲ್ಲ, ನೋಟ್‌ಬುಕ್ಕನ್ನು ತಮ್ಮನಿಗೇ ಕೊಟ್ಟು ಓದಿಸಲೇ?

ಉತ್ತರ: ತಮ್ಮನ ಕೈಗೆ ಕೊಡಬೇಡಿ. ಬರೆಯುವುದನ್ನು ಬಿಡಲೂ ಬೇಡಿ. ಆದರೆ ಈಗ ಬರೆಯುವ ರೀತಿಯನ್ನು ಇವತ್ತಿಗೇ ನಿಲ್ಲಿಸಿ.

ನೀವು ಕಳಿಸಿದ ನಾಲ್ಕು ಸಾಲು ನೋಡೋಣ: ‘ಇವತ್ತೂ ಫೋನ್ ಮಾಡಲಿಲ್ಲ. ಅವನಿಗೆ ಅವ್ವ ಬೇಕಾಗಿಲ್ಲ. ಯಾವಾಗಲೂ ಹಿಂಗ. ನನ್ನ ಹಣೇಬರಹ.’ ಮೊದಲ ಮೂರೂ ತಮ್ಮನ ಬಗ್ಗೆ. ನೀವು ಕಾಣಿಸಿಕೊಂಡದ್ದು ಕೊನೆಯಲ್ಲಿ, ಅದೂ ಹಣೇಬರಹದ ಜೊತೆ. ‘ಯಾವಾಗಲೂ’ ಇದೆ, ‘ಯಾಕಂದ್ರ’ ಇಲ್ಲ. ಮೊದಲ ನೋಟ್‌ಬುಕ್ಕಿನ ಒಂದು ಪುಟವನ್ನೂ ಮೊನ್ನೆಯ ಪುಟವನ್ನೂ ತಾರೀಖು ಮುಚ್ಚಿ ಓದಿ. ಯಾವುದು ಹಳೆಯದೆಂದು ತಿಳಿಯದಿದ್ದರೆ, ಇಷ್ಟು ದಿನ ಪೆನ್ನು ಹಿಡಿದು ಮೆಲುಕು ಹಾಕಿದ್ದೀರಿ ಎಂದೇ ಅರ್ಥ.

ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್, ಸಾಂಡ್ರಾ ಬೀಲ್ ಜೊತೆ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಬರೆದದ್ದು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ. ನಡೆದದ್ದನ್ನೂ ಅನಿಸಿದ್ದನ್ನೂ ಸೇರಿಸಿ ಬರೆದವರಿಗೆ ಆ ಕ್ಷಣಕ್ಕೆ ಬೇಸರ ಹೆಚ್ಚೇ ಆಯಿತು. ಆದರೆ ಮುಂದಿನ ತಿಂಗಳುಗಳಲ್ಲಿ ಅವರು ಡಾಕ್ಟರ ಹತ್ತಿರ ಹೋದದ್ದು ಕಡಿಮೆ. ಆಮೇಲಿನ ಪ್ರಯೋಗಗಳನ್ನೆಲ್ಲ ಕೂಡಿಸಿ ನೋಡಿದರೆ ಸರಾಸರಿ ಲಾಭ ಸಣ್ಣದೇ, ಪವಾಡ ಕಾಯಬೇಡಿ. ಪೆನ್ನೆಬೇಕರ್ ತಂಡ ಬರಹಗಳ ಪದಗಳನ್ನು ಎಣಿಸಿದಾಗ, ದಿನ ಕಳೆದಂತೆ ‘ಯಾಕೆಂದರೆ’, ‘ಈಗ ತಿಳಿಯಿತು’ ಎಂಬಂಥ ಮಾತು ಹೆಚ್ಚಾದವರಿಗೆ ಫಲವೂ ಹೆಚ್ಚು ಸಿಕ್ಕಿತ್ತು.

ನೀವೂ ನಾಲ್ಕು ದಿನವನ್ನಷ್ಟೇ ಇಟ್ಟುಕೊಳ್ಳಿ. ಮಲಗುವ ಹೊತ್ತು ಬೇಡ. ಅವ್ವ ಮಧ್ಯಾಹ್ನ ಮಲಗಿದಾಗ ಮೊಬೈಲಿನಲ್ಲಿ 15 ನಿಮಿಷಕ್ಕೆ ಅಲಾರಂ ಇಟ್ಟು ಕೂರಿ. ಚೆಂದದ ಡೈರಿ ತರಬೇಡಿ, ಅದರಲ್ಲಿ ಅಕ್ಷರ ದುಂಡಗಾಗುತ್ತವೆ, ಮಾತು ಬಿಗಿಯುತ್ತದೆ. ಬಿಡಿ ಹಾಳೆ ಸಾಕು, ಕಂಡವರ ಕೈಗೆ ಸಿಗದಂತೆ ಹರಿದು ಹಾಕಲೂ ಸುಲಭ. ಮನೆಯಲ್ಲಿ ಆಡುವ ಮಾತಿನಲ್ಲೇ ಬರೆಯಿರಿ, ಒತ್ತಕ್ಷರ ತಿದ್ದುತ್ತ ಕೂರಬೇಡಿ. ಕೈ ನಿಂತರೆ ಹಿಂದಿನ ಸಾಲನ್ನೇ ಮತ್ತೆ ಬರೆಯಿರಿ. ಅಲಾರಂ ಆದ ಮೇಲೆ ಹತ್ತು ನಿಮಿಷ ಸುಮ್ಮನಿದ್ದು ಕೆಲಸಕ್ಕೆ ಏಳಿ.

ಮೊದಲ ದಿನ ಒಂದೇ ಒಂದು ಘಟನೆ. ‘ತಮ್ಮ ಬರುವುದಿಲ್ಲ’ ಎಂಬುದು ಘಟನೆಯಲ್ಲ, ದೂರು. ಯಾವ ದಿನ, ಎಷ್ಟು ಹೊತ್ತಿಗೆ, ಅವನು ಏನೆಂದ, ನೀವು ಏನೆಂದಿರಿ ಎಂದು ಬರಲಿ. ಎರಡನೆಯ ದಿನ ಅದೇ ಘಟನೆ, ಆಗ ಮೈಯಲ್ಲಿ, ಮನಸ್ಸಿನಲ್ಲಿ ಆದದ್ದು.

ಮೂರನೆಯ ದಿನದ್ದೇ ಮುಖ್ಯ. ‘ನಾನು’ ಬಿಟ್ಟು ‘ಅವಳು’ ಎಂದು ಬರೆಯಿರಿ: ‘ಅವಳು ಏಳಕ್ಕೆ ಅವ್ವನ ಮಗ್ಗಲು ಬದಲಿಸಿದಳು. ಎಂಟಕ್ಕೆ ಫೋನ್ ನೋಡಿದಳು. ತಾನಾಗಿ ಮಾಡಲಿಲ್ಲ, ಯಾಕಂದ್ರ...’ ಕನ್ನಡದಲ್ಲಿ ಕರ್ತೃಪದ ಬಿಟ್ಟೂ ವಾಕ್ಯ ನಡೆಯುವುದರಿಂದ ಅರಿವಿಲ್ಲದೆ ‘ಬದಲಿಸಿದೆ’, ‘ನೋಡಿದೆ’ ನುಸುಳುತ್ತವೆ. ಎಲ್ಲಿ ನುಸುಳಿತೋ ಅಲ್ಲಿ ಗೆರೆ ಎಳೆಯಿರಿ, ನೋವು ಅಲ್ಲೇ ಇದ್ದೀತು. ಆ ‘ಯಾಕಂದ್ರ’ ಆದ ಮೇಲೆ ಕನಿಷ್ಠ ಮೂರು ಸಾಲು ಬರಲೇಬೇಕು. ಅವನು ಅವ್ವನ ಬಿಪಿ ಕೇಳುತ್ತಾನೆ, ‘ಅಕ್ಕಾ, ನೀ ಹೆಂಗದಿ’ ಎಂದು ಕೇಳುವುದಿಲ್ಲ ಎಂಬುದು ಹೊರಬಂದರೂ ಬರಬಹುದು. ಬೇರೆಯೇ ಬಂದರೆ ಅದು ನಿಮ್ಮದು.

ನಾಲ್ಕನೆಯ ದಿನ ತಮ್ಮನಿಗೊಂದು ಪತ್ರ, ಕಳಿಸಲಿಕ್ಕಲ್ಲ. ಮಾರನೆಯ ದಿನ ಅದನ್ನು ಓದಿ, ಒಂದೇ ಒಂದು ಬೇಡಿಕೆಗೆ ಗೆರೆ ಹಾಕಿ. ಫೋನಿನಲ್ಲಿ ಹೇಳಬೇಕಾದದ್ದು ಅಷ್ಟೇ: ‘ತಿಂಗಳಿಗೆ ಎರಡು ಶನಿವಾರ-ಭಾನುವಾರ ಬಂದು ಅವ್ವನ ಹತ್ತಿರ ಇರು. ಆಗದಿದ್ದರೆ ಹಗಲು ನೋಡಿಕೊಳ್ಳುವವಳ ಪಗಾರ ನೀ ಕೊಡು.’ 600 ಪುಟದ ಸಿಟ್ಟನ್ನು ಓದಿದವನು ತನ್ನನ್ನು ಸಮರ್ಥಿಸಿಕೊಳ್ಳುತ್ತ ಕೂರುತ್ತಾನೆ. ಇದಕ್ಕಾದರೆ ಹೂಂ ಅಥವಾ ಊಹೂಂ ಅನ್ನಲೇಬೇಕು.

ಬರೆಯುವಾಗ ತಡೆದುಕೊಳ್ಳಲಾಗದಷ್ಟು ಕಷ್ಟವಾದರೆ ಅಲ್ಲಿಗೇ ನಿಲ್ಲಿಸಿ, ಬೇರೆ ವಿಷಯ ಹಿಡಿಯಿರಿ. ಎರಡು ವಾರವಾದರೂ ನಿದ್ದೆ ಸರಿಹೋಗದಿದ್ದರೆ, ಅಥವಾ ಬದುಕೇ ಬೇಡ ಎಂಬ ಸಾಲು ಒಮ್ಮೆ ಬಂದರೂ, ಹಾಳೆ ಮಡಚಿಟ್ಟು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ಸರ್ಕಾರದ ಸೇವೆ, ಹಗಲು-ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಹಳೆಯ ಮೂರು ನೋಟ್‌ಬುಕ್ಕುಗಳನ್ನು ಸದ್ಯಕ್ಕೆ ಟ್ರಂಕಿನ ತಳದಲ್ಲಿಡಿ. ಸುಡುವುದೋ ಉಳಿಸುವುದೋ, ಆ ನಾಲ್ಕು ಹಾಳೆ ಬರೆದ ಮೇಲೆ ನೋಡಿದರಾಯಿತು.