ವಾರಕ್ಕೆ ಐದು ದಿನ ಮಾಡಿದ ಗೊಬ್ಬರವೂ ಗೊಬ್ಬರವೇ

ಪ್ರಶ್ನೆ: ಫ್ಲ್ಯಾಟ್‌ನ ಬಾಲ್ಕನಿಯಲ್ಲಿ 20 ಲೀಟರಿನ ಪೇಂಟ್ ಬಕೆಟ್ಟಿನಲ್ಲಿ ಗೊಬ್ಬರ ಮಾಡುತ್ತಿದ್ದೇನೆ. ಗಬ್ಬು ನಾತ, ದಪ್ಪ ಹುಳಗಳು, ಮನೆಯವರ ಗೊಣಗಾಟ. ವಾರಕ್ಕೆರಡು ದಿನ ಸೋತು ಹಸಿ ಕಸವನ್ನು ಕಸದ ಗಾಡಿಗೇ ಹಾಕುತ್ತೇನೆ. ಆಗ ತಪ್ಪು ಮಾಡಿದಂತೆ ಅನ್ನಿಸುತ್ತದೆ. ನಿಲ್ಲಿಸಿಬಿಡಲೇ?
– ಓದುಗರು, ಬೆಂಗಳೂರು

ಉತ್ತರ: ನಿಲ್ಲಿಸಬೇಡಿ. ಮೊದಲು ಮೂಗಿಗೆ ಕೆಲಸ ಕೊಡಿ. ಕೊಳೆತ ಮೊಟ್ಟೆಯ ನಾತವಾದರೆ ನೀರು ಹೆಚ್ಚಾಗಿ ಒಳಗೆ ಗಾಳಿಯಾಡುತ್ತಿಲ್ಲ. ಕಣ್ಣು ಉರಿಸುವ ಅಮೋನಿಯಾ ಘಾಟಾದರೆ ಸೊಪ್ಪು, ಸಿಪ್ಪೆ ಜಾಸ್ತಿ, ತರಗೆಲೆ ಕಡಿಮೆ. ಎರಡಕ್ಕೂ ಮದ್ದು ಒಂದೇ: ಒಂದು ಬಟ್ಟಲು ಹಸಿ ಕಸಕ್ಕೆ ಅಷ್ಟೇ, ಬೇಕಾದರೆ ಎರಡರಷ್ಟು, ಪುಡಿ ಮಾಡಿದ ತರಗೆಲೆ ಅಥವಾ ತೆಂಗಿನ ನಾರಿನ ಪುಡಿ. ಮೂರು ದಿನಕ್ಕೊಮ್ಮೆ ತಳದವರೆಗೆ ಕೋಲಾಡಿಸಿ. ಒಂದು ಹಿಡಿ ತೆಗೆದು ಹಿಂಡಿದರೆ ಒಂದೆರಡು ಹನಿ ಜಿನುಗಬೇಕು, ಧಾರೆ ಸುರಿಯಬಾರದು. ಬಕೆಟ್ಟಿನ ತಳಕ್ಕೂ ಸುತ್ತಲೂ ತೂತುಗಳಿರಲಿ. ಅಡಿಯಲ್ಲಿ ತಟ್ಟೆ ಇಟ್ಟು, ಅದರಲ್ಲಿ ಎರಡು ಇಟ್ಟಿಗೆ ಇರಿಸಿ ಬಕೆಟ್ ಕೂರಿಸಿ. ಉಳಿದ ಸಾರು, ಹುಳಿಯನ್ನು ಸೋಸದೆ ಸುರಿಯುವುದೇ ಬಹಳ ಮನೆಗಳ ಬಕೆಟ್ ಕೆಡಲು ಕಾರಣ.

ಆ ದಪ್ಪ ಹುಳಗಳು ಬಹುಮಟ್ಟಿಗೆ ಬ್ಲ್ಯಾಕ್ ಸೋಲ್ಜರ್ ನೊಣದ ಮರಿಗಳು. ಕಚ್ಚುವುದಿಲ್ಲ, ಕಸವನ್ನು ನಿಮಗಿಂತ ಚುರುಕಾಗಿ ಕರಗಿಸುತ್ತವೆ. ನೋಡಲಾಗದಿದ್ದರೆ ಅನ್ನ, ಪಲ್ಯ ಹಾಕುವುದನ್ನು ಬಿಡಿ, ಪ್ರತಿ ಸಲವೂ ಮೇಲೆ ಎರಡು ಬೆರಳು ದಪ್ಪ ತರಗೆಲೆ ಹೊದಿಸಿ. ಬಕೆಟ್ ತುಂಬಿದ ಮೇಲೆ ಹೊಸ ಕಸ ಸೇರಿಸದೆ ಎರಡು ತಿಂಗಳು ಬಿಡಿ. ಮಳೆಗಾಲದಲ್ಲಿ ಇನ್ನೂ ತಡವಾದೀತು. ಮಣ್ಣಿನ ವಾಸನೆ ಬಂದರೆ ಆಯಿತು. ಜರಡಿಯಲ್ಲಿ ಉಳಿದ ಚೂರುಗಳನ್ನು ಮುಂದಿನ ಬಕೆಟ್ಟಿಗೆ ಹಾಕಿ, ಹೆಪ್ಪಿನಂತೆ ಕೆಲಸ ಮಾಡುತ್ತವೆ.

ಇನ್ನು ಗಾಡಿಗೆ ಹಾಕುವ ಎರಡು ದಿನ. ಹಸಿ ಕಸಕ್ಕೆ ಹಸಿರು ಬಕೆಟ್, ಡೈಪರ್-ಪ್ಯಾಡಿಗೆ ಕೆಂಪು, ಒಣ ಕಸಕ್ಕೆ ಚೀಲ ಎಂದು ಹೈಕೋರ್ಟ್ 2015ರಲ್ಲೇ ಹೇಳಿದೆ. ಬೆಂಗಳೂರಿನ ಕಸ ಸುರಿಯುತ್ತಿದ್ದ ಮಂಡೂರು, ಮಾವಳ್ಳಿಪುರದ ಊರಿನವರು ಬೀದಿಗಿಳಿದದ್ದು ಬೆರಕೆ ಕಸದ ಗುಡ್ಡಗಳಿಂದಾಗಿ. ಪ್ಲಾಸ್ಟಿಕ್ ಸೇರಿಸದೆ ಹಸಿರು ಬಕೆಟ್ಟಿನಲ್ಲಿ ಕೊಟ್ಟಿರಾದರೆ ಬೆರಕೆಗೆ ನಿಮ್ಮ ಪಾಲು ಸೇರಲಿಲ್ಲ. ಕಿತ್ತಳೆ ಸಿಪ್ಪೆಯ ರಾಶಿ, ಮೂಳೆ, ನೆಂಟರು ಬಂದ ದಿನದ ಎಂಜಲು ಇವೆಲ್ಲ ಧಾರಾಳವಾಗಿ ಗಾಡಿಗೇ ಹೋಗಲಿ.

ಪ್ರಶ್ನೆ: ಮನೆಯಲ್ಲಿ ಇಪ್ಪತ್ತು ಬಟ್ಟೆ ಚೀಲಗಳಿವೆ, ಆದರೂ ಮರೆತು ಹೋಗುತ್ತೇನೆ. ಪ್ರತಿ ಸಲ ಹೊಸದೊಂದು ಕೊಳ್ಳುವುದು ಸರಿಯೇ?
– ಓದುಗರು, ದಾವಣಗೆರೆ

ಉತ್ತರ: ಬೇಡ. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಹಾಕಿದ ಲೆಕ್ಕದಂತೆ, ಒಮ್ಮೆ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲಕ್ಕೆ ಭೂಮಿಯ ಬಿಸಿ ಏರಿಸುವ ವಿಷಯದಲ್ಲಿ ಸಮವಾಗಬೇಕಾದರೆ ಹತ್ತಿಯ ಚೀಲವನ್ನು 131 ಸಲ ಬಳಸಬೇಕು. ಹತ್ತಿ ಬೆಳೆಯುವುದಕ್ಕೂ ನೇಯುವುದಕ್ಕೂ ಅಷ್ಟು ಖರ್ಚಿದೆ. ಇರುವುದರಲ್ಲಿ ನಾಲ್ಕನ್ನು ಸ್ಕೂಟರ್ ಡಿಕ್ಕಿಗೆ ಹಾಕಿ, ಉಳಿದದ್ದು ಹಂಚಿ. ಮರೆತ ದಿನ ಸಾಮಾನನ್ನು ಅಂಗಡಿಯ ರಟ್ಟಿನ ಡಬ್ಬದಲ್ಲಿ ತನ್ನಿ.

ಪ್ರಶ್ನೆ: ಅಂಟುವಾಳದ ನೀರಿನಲ್ಲಿ ಒಗೆದರೆ ಮಕ್ಕಳ ಬಿಳಿ ಯೂನಿಫಾರ್ಮಿನ ಎಣ್ಣೆ ಕಲೆ ಹೋಗುತ್ತಿಲ್ಲ.
– ಓದುಗರು, ಶಿರಸಿ

ಉತ್ತರ: ಹೋಗುವುದೂ ಇಲ್ಲ. ಅದರ ನೊರೆ ಸೌಮ್ಯ. ರೇಷ್ಮೆ, ಉಣ್ಣೆಗೆ ಹೇಳಿ ಮಾಡಿಸಿದ್ದು, ಬಿಳಿ ಬಟ್ಟೆಗೆ ಹಳದಿ ಛಾಯೆ ಬರಿಸುತ್ತದೆ. ಯೂನಿಫಾರ್ಮಿನ ಕಲೆಗೆ ಬಾರ್ ಸೋಪನ್ನೇ ತಿಕ್ಕಿ. ಕುದಿಸಿದ ಅಂಟುವಾಳದ ನೀರು ಮೂರ್ನಾಲ್ಕು ದಿನಕ್ಕೆ ಹುಳಿಯುತ್ತದೆ, ಆ ವಾರಕ್ಕೆ ಬೇಕಾದಷ್ಟೇ ಮಾಡಿ ಫ್ರಿಜ್ಜಿನಲ್ಲಿಡಿ.